ನೀರಿನ ಬಟ್ಟಲಲ್ಲಿ ಕಾಲಿಟ್ಟ ಸ್ಟೂಲು

ಅದೊಂದು ಮಾಮೂಲಿ ಭಾನುವಾರ. ತೋಟದಲ್ಲಿ ಮೋಟರು ಓಡುತ್ತಿತ್ತು. ನಾನು ನೀರಿನ ತೊಟ್ಟಿಯ ಕಟ್ಟೆಯ ಮೇಲೆ ಕೂತು ಏಳನೇ ತರಗತಿಯ ಉತ್ತರ ಪತ್ರಿಕೆ ತಿದ್ದುತ್ತಿದ್ದೆ. ನನ್ನ ಹೆಂಡತಿ ಬಿದ್ದ ತೆಂಗಿನ ಗರಿಗಳನ್ನು ಎಳೆದು ರಾಶಿ ಹಾಕುತ್ತಿದ್ದಳು. ಅವಳ ಮುಂಗೈ ಮೇಲೆ ಒಂದು ಇರುವೆ ಹತ್ತಿತು. ಕೊಡವಲು ಹೋದಳು. ಅದು ಕೊಡವಿಸಿಕೊಳ್ಳಲಿಲ್ಲ. ತಾನಾಗಿಯೇ ಕಪ್ಪೆಯಂತೆ ಜಿಗಿದು ನಾಲ್ಕು ಬೆರಳಾಚೆಯ ಗರಿಯ ಮೇಲೆ ಕೂತು, ಹಿಂದಕ್ಕೆ ತಿರುಗಿತು.

"ರೀ, ಇದು ನನ್ನನ್ನೇ ನೋಡ್ತಾ ಐತೆ ಕಣ್ರೀ."

ಇರುವೆಗೆ ಅಷ್ಟು ದೃಷ್ಟಿ ಇರುವುದಿಲ್ಲ ಎಂದು ನಾನು ಕೂತಲ್ಲಿಂದಲೇ ಪಾಠ ಹೇಳಿದೆ. ಎದ್ದು ಹೋಗಿ ನೋಡಿದರೆ ಅದಕ್ಕೆ ಮುಖದ ತುಂಬ ಕಣ್ಣು, ಮುಂದೆ ಚಿಮಟದಂಥ ಉದ್ದ ದವಡೆ. ನಿಜಕ್ಕೂ ಅವಳನ್ನೇ ನೋಡುತ್ತಿತ್ತು. ಮತ್ತೊಂದು ಜಿಗಿತಕ್ಕೆ ಕಾಣೆಯಾಯಿತು.

ಅಂದಿನಿಂದ ಅವಳಿಗೆ ಆ ಇರುವೆಯನ್ನು ಸಾಕಬೇಕು ಎಂಬ ಆಸೆ ಹತ್ತಿತು. ಅವಳು ತೀರಿಹೋಗಿ ಈಗ ಒಂದು ವರ್ಷ ದಾಟಿದೆ. ಹಾಲ್ಕುರಿಕೆಯ ನಮ್ಮ ಮನೆಯಲ್ಲಿ ಆ ಇರುವೆಯ ದೆಸೆಯಿಂದ ನಗುವಂಥದ್ದು ಏನಾದರೊಂದು ನಡೆಯುತ್ತಲೇ ಇತ್ತು, ಈಗಲೂ ನಿಂತಿಲ್ಲ.

ದೊಡ್ಡಮ್ಮನ ಬೆರಳು

ಜಿಗಿಯುವ ಇರುವೆಯ ಗೂಡು ಸಿಗುವವರೆಗೆ ಕೈ ಪಳಗಲಿ ಎಂದು ಅವಳು ಗೊದ್ದ ಎಂಬ ದೊಡ್ಡ ಕಪ್ಪಿರುವೆಗಳನ್ನು ಸಾಕಿದಳು. ಗಾಜಿನ ಪೆಟ್ಟಿಗೆ, ಒಳಗೆ ಮಣ್ಣು, ಮೇಲೆ ತೆಗೆದು ಮುಚ್ಚುವ ಬಾಗಿಲು. ಒಳಗಿನವು ಗೋಡೆ ಹತ್ತಬಾರದೆಂದು ಅಂಚಿಗೆಲ್ಲ ಪೌಡರು ಬಳಿಯುತ್ತಿದ್ದಳು. ನಮ್ಮ ಮುಖಕ್ಕೆ ತಂದ ಪೌಡರಿನ ಡಬ್ಬಿಗಳೆಲ್ಲ ಇರುವೆಗಳ ಪಾಲಾದವು. ಗೊದ್ದಕ್ಕೆ ಕತ್ತಲೆ ಇಷ್ಟವೆಂದು ಪೆಟ್ಟಿಗೆಯ ಮೇಲೊಂದು ಕೆಂಪು ರವಿಕೆ ಕಣ. ತಪ್ಪಿಸಿಕೊಂಡರೂ ದೂರ ಹೋಗದಿರಲೆಂದು ಪೆಟ್ಟಿಗೆಯನ್ನು ಸ್ಟೂಲಿನ ಮೇಲಿಟ್ಟು, ಸ್ಟೂಲಿನ ನಾಲ್ಕು ಕಾಲನ್ನೂ ನೀರಿನ ಬಟ್ಟಲುಗಳಲ್ಲಿ ಇಟ್ಟಿದ್ದಳು.

ತುರುವೇಕೆರೆಯಿಂದ ನಮ್ಮ ದೊಡ್ಡಮ್ಮ ಬಂದಾಗ ನಾವಿಬ್ಬರೂ ಹಿತ್ತಲಲ್ಲಿದ್ದೆವು. ದೊಡ್ಡಮ್ಮನಿಗೆ ಸಕ್ಕರೆ ಕಾಯಿಲೆ. ಸಿಹಿ ಮುಟ್ಟಬಾರದೆಂದು ಡಾಕ್ಟರು ಕಟ್ಟಪ್ಪಣೆ ಮಾಡಿದ್ದರು. ನಮ್ಮ ಕಡೆ ಯಾವ ಮನೆಯಲ್ಲೇ ಆಗಲಿ, ನೀರಿನ ಬಟ್ಟಲಲ್ಲಿ ಕಾಲಿಟ್ಟು ನಿಂತ ಸ್ಟೂಲಿನ ಮೇಲೆ ಬಟ್ಟೆ ಮುಚ್ಚಿದ್ದೇನಾದರೂ ಇದ್ದರೆ ಅದು ಸಿಹಿತಿಂಡಿಯೇ. ದೊಡ್ಡಮ್ಮ ಅತ್ತಿತ್ತ ನೋಡಿ, ಬಟ್ಟೆ ಸರಿಸದೆ, ಅದರ ಅಡಿಯಲ್ಲೇ ತಡವಿ ಬಾಗಿಲು ತೆರೆದು ಕೈಯಿಟ್ಟರು.

ಕೂಗು ಕೇಳಿ ನಾವು ಓಡಿಬಂದೆವು. ನನ್ನ ಹೆಂಡತಿ ಮೊದಲು ದೊಡ್ಡಮ್ಮನ ಬೆರಳು ನೋಡಿದಳೋ ಗೊದ್ದಗಳನ್ನು ನೋಡಿದಳೋ ಎಂಬ ವಿಚಾರದಲ್ಲಿ ನಮ್ಮ ವಂಶದಲ್ಲಿ ಇಂದಿಗೂ ಭಿನ್ನಾಭಿಪ್ರಾಯವಿದೆ. ದೊಡ್ಡಮ್ಮ ಬೆರಳಿಗೆ ಸುಣ್ಣ ಹಚ್ಚಿಸಿಕೊಳ್ಳುತ್ತ, "ಇರುವೆ ಬರಬಾರದು ಅಂತ ನೀರಿಡೋದು ನೋಡಿದ್ದೆ ಕಣೇ. ಹೋಗಬಾರದು ಅಂತ ನೀರಿಡೋ ಮನೆ ಇದೊಂದೇ" ಎಂದರು. ಸ್ವಲ್ಪ ಹೊತ್ತು ಬಿಟ್ಟು ದನಿ ತಗ್ಗಿಸಿ ಕೇಳಿದರು: "ಹೋಗ್ಲಿ ಬುಡು, ಕಜ್ಜಾಯ ಎಲ್ಲಿಟ್ಟಿದ್ದೀಯ?"

ಶನಿವಾರದ ಸಕ್ಕರೆ

ಎದುರು ಮನೆಯಾಕೆಗೆ ಯಾರೋ ಶಾಸ್ತ್ರ ಹೇಳುವವರು ಶನಿವಾರ ಶನಿವಾರ ಇರುವೆಗೆ ಸಕ್ಕರೆ ಹಾಕಲು ಹೇಳಿದ್ದರು. ಅರಳಿಕಟ್ಟೆವರೆಗೆ ನಡೆಯಲು ಮಂಡಿನೋವು. ನಮ್ಮ ಮನೆಗೇ ಒಂದು ಹಿಡಿ ಸಕ್ಕರೆ ಹಿಡಿದು ಬಂದರು. ನನ್ನ ಹೆಂಡತಿ ಸಂತೋಷದಿಂದ ಪೆಟ್ಟಿಗೆ ತೆರೆದಳು. ಮುಂದಿನ ವಾರ ಆಕೆ ಬರಲಿಲ್ಲ. ಕುಂಟುತ್ತ ಅರಳಿಕಟ್ಟೆಯ ಕಡೆ ಹೋಗುತ್ತಿದ್ದರು. ಯಾಕೆಂದು ಕೇಳಿದರೆ, ಶಾಸ್ತ್ರದವರು ಒಪ್ಪಲಿಲ್ಲವಂತೆ.

"ಗತಿ ಇಲ್ಲದವಕ್ಕೆ ಹಾಕಿದ್ರೆ ಮಾತ್ರ ಪುಣ್ಯವಂತೆ ಕಣ್ರೀ. ನಿಮ್ಮವು ಅನುಕೂಲಸ್ಥರ ಇರುವೆ."

ಕಳೆದುಹೋದ ಓಲೆ

ಇರುವೆ ಸಾಕುವವರ ಒಂದು ಗುಂಪು ಅವಳ ಫೋನಿನಲ್ಲಿತ್ತು. ಅಲ್ಲಿ ಒಬ್ಬೊಬ್ಬರಿಗೂ ಒಂದೊಂದು ಕನಸಿನ ಇರುವೆ. ಒಬ್ಬರಿಗೆ ಎಲೆ ಕತ್ತರಿಸಿ ತಂದು ಅಣಬೆ ಬೆಳೆಯುವ ದಕ್ಷಿಣ ಅಮೆರಿಕದ ಇರುವೆ ಬೇಕು. ಇನ್ನೊಬ್ಬರಿಗೆ ಹೊಟ್ಟೆಯಲ್ಲಿ ಜೇನು ತುಂಬಿಕೊಂಡು ಗೂಡಿನ ಸೂರಿಗೆ ದ್ರಾಕ್ಷಿಯಂತೆ ನೇತಾಡುವ ಇರುವೆ. ಊಟಕ್ಕೆ ಕೂತಾಗ ಅವಳು ಇವನ್ನೆಲ್ಲ ಓದಿ ಹೇಳುವಳು. ಒಂದು ದಿನ ಫೋನು ಕೆಳಗಿಟ್ಟು, "ಅವರ ಇರುವೆ ಎಲ್ಲಾ ಸಮುದ್ರದಾಚೆ ಅವೆ. ಸಿಗಕ್ಕಿಲ್ಲ ಅಂತ ನೆಮ್ಮದಿಯಾಗಿ ಅವ್ರೆ. ನಂದು ನಮ್ಮ ತೋಟದಾಗೇ ಐತೆ ನೋಡಿ" ಎಂದಳು.

ಅದರ ಗೂಡು ಹುಡುಕುವುದು ಸುಲಭವಲ್ಲ. ಅದು ಸಾಲಿನಲ್ಲಿ ನಡೆಯುವುದಿಲ್ಲ, ಒಂಟಿಯಾಗಿ ಬೇಟೆಗೆ ಹೋಗುತ್ತದೆ. ಗೂಡಿನ ಬಾಯಿ ಕಸಕಡ್ಡಿಯ ಕೆಳಗೆ ಅಡಗಿರುತ್ತದೆ. ಒಂದು ಸಂಜೆ ಅಂಥದೊಂದು ಇರುವೆ ಅವಳ ಕಣ್ಣಿಗೆ ಬಿತ್ತು. ಬಾಯಲ್ಲಿ ಹುಳ ಕಚ್ಚಿಕೊಂಡಿತ್ತು, ಎಂದರೆ ಮನೆಗೆ ಹೊರಟಿತ್ತು. ಅವಳು ನಡು ಬಗ್ಗಿಸಿ ಅದರ ಹಿಂದೆಯೇ ಹೊರಟಳು.

ಕಾಯಿ ಕೆಡವಲು ಬಂದವರು ಇದನ್ನು ನೋಡಿ ಏನು ಕಳೆದಿದೆ ಎಂದು ಕೇಳಿದರು. ಅವಳು ಮಾತಾಡಿದರೆ ಇರುವೆ ಬೆದರೀತೆಂದು ಸುಮ್ಮನಿರಿ ಎಂಬಂತೆ ತುಟಿಯ ಮೇಲೆ ಬೆರಳಿಟ್ಟಳು. ಗಂಡನಿಗೆ ಗೊತ್ತಾಗದಂತೆ ಕಿವಿಯ ಓಲೆ ಹುಡುಕುತ್ತಿದ್ದಾಳೆ ಎಂದು ಅವರು ತಿಳಿದರು. ಪಾಪ, ಒಳ್ಳೆಯ ಜನ. ಸದ್ದಿಲ್ಲದೆ ಕುಡುಗೋಲು ಕೆಳಗಿಟ್ಟು ಅವರೂ ಬಗ್ಗಿದರು. ಪಕ್ಕದ ತೋಟದವರೂ ಬೇಲಿ ದಾಟಿ ಬಂದು ಬಗ್ಗಿದರು. ನಾನು ಶಾಲೆಯಿಂದ ಬರುವಾಗ ನಮ್ಮ ತೋಟದ ತುಂಬ ಜನ ಬೆನ್ನು ಬಗ್ಗಿಸಿದ್ದರು, ಯಾರೂ ಉಸಿರೆತ್ತುತ್ತಿರಲಿಲ್ಲ. ಏನೆಂದು ಕೇಳಿದರೆ ಎಲ್ಲರೂ ನನ್ನನ್ನೇ ಕೆಟ್ಟ ಗಂಡನನ್ನು ನೋಡುವಂತೆ ನೋಡಿದರು.

ಅಷ್ಟು ಕಾಲುಗಳ ನಡುವೆ ಇರುವೆ ಎತ್ತಲೋ ಹೋಯಿತು. ಅವಳು ಗರಿರಾಶಿಯ ಪಕ್ಕದಲ್ಲಿ ಬಹಳ ಹೊತ್ತು ಕೂತಿದ್ದಳು. ಆದರೆ ಪಕ್ಕದ ತೋಟದಾಕೆ ಹಿಂದಿನ ವರ್ಷ ಕಳೆದುಕೊಂಡಿದ್ದ ಕಾಲುಂಗುರ ಸಿಕ್ಕಿತು. ಆಮೇಲೆ ಆಕೆ ಮನೆಯಲ್ಲಿ ಏನು ಕಳೆದರೂ ಬೇಲಿಯ ಹತ್ತಿರ ಬಂದು ಕರೆಯುತ್ತಿದ್ದರು: "ಅಕ್ಕಾ, ಬೀರುವಿನ ಬೀಗದ ಕೈ ಕಾಣ್ತಿಲ್ಲ. ಇನ್ನೊಂದ್ಸಲ ಇರುವೆ ಕಳ್ಕೊಳ್ಳಿ."

ಕಾಗೆಗೆ ಕೊಟ್ಟ ಮಾತು

ಅವಳ ಹಾಲುತುಪ್ಪದ ದಿನ ತೋಟದ ಮೂಲೆಯಲ್ಲಿ, ಅವಳನ್ನು ಮಣ್ಣು ಮಾಡಿದ ಜಾಗದಲ್ಲಿ, ಎಡೆ ಇಟ್ಟು ಎಲ್ಲರೂ ಹಿಂದೆ ಸರಿದು ನಿಂತೆವು. ಕಾಗೆ ಮುಟ್ಟಬೇಕು. ಗರಿಗಳ ಮೇಲೆ ಕಾಗೆಗಳಿದ್ದವು, ಇಳಿಯಲಿಲ್ಲ. ಹಾಗಾದರೆ ಹೋದವರಿಗೆ ಏನೋ ಆಸೆ ಉಳಿದಿದೆ, ಇದ್ದವರು ಅದನ್ನು ನಡೆಸಿಕೊಡುವ ಮಾತು ಕೊಡಬೇಕು.

ಅವಳ ಅಕ್ಕ ಮುಂದೆ ಬಂದು, ಅವಳ ಹೆಸರಿನಲ್ಲಿ ತಾನೇ ಕಾಶಿಗೆ ಹೋಗಿ ಬರುವುದಾಗಿ ಹೇಳಿದರು. ಕಾಗೆ ಅಲ್ಲಾಡಲಿಲ್ಲ. ದಂಡಿನಶಿವರದಲ್ಲಿರುವ ಅವಳ ತಮ್ಮ, ಅವಳ ಹೊಲಿಗೆ ಮಿಷನ್ನು ಯಾರಿಗೂ ಮಾರುವುದಿಲ್ಲ ಎಂದ. ದೊಡ್ಡಮ್ಮ ಕಣ್ಣೊರೆಸಿಕೊಂಡು, ಪೆಟ್ಟಿಗೆಗೆ ಕೈ ಹಾಕಿದ್ದು ತಪ್ಪಾಯಿತು ಎಂದರು. ಬಿಸಿಲೇರಿತು. ಭಾಮೈದ ನನ್ನ ಕಿವಿಯಲ್ಲಿ, "ಭಾವ, ನೀವೇನಾರ ಹೇಳಿ" ಎಂದ.

ದಿನವಿಡೀ ಮಾತಾಡಿ ಬದುಕುವವನು ನಾನು. ಎಡೆಯ ಹತ್ತಿರ ಹೋಗಿ ನಿಂತೆ.

"ಆ ಜಿಗಿಯೋ ಇರುವೆ ತಂದು ಸಾಕ್ತೀನಿ ಕಣೇ" ಎಂದೆ.

ಒಂದು ಕಾಗೆ ಇಳಿದು ಬಂದು ವಡೆ ಕಚ್ಚಿಕೊಂಡು ಹಾರಿತು.

ಎಲ್ಲರೂ ಅಳುತ್ತಿದ್ದರು. ದೊಡ್ಡಮ್ಮ ಮಾತ್ರ ಆ ಕಾಗೆಯನ್ನೇ ನೋಡುತ್ತ, "ಕಾಶಿಗೂ ಬಗ್ಗಲಿಲ್ಲ, ಇರುವೆಗೆ ಬಂದ್ಲು ನೋಡು" ಎಂದರು. ಅಳುತ್ತಿದ್ದವರು ನಕ್ಕರು. ನಾನೂ ನಕ್ಕೆ ಎಂದು ಆಮೇಲೆ ಹೇಳಿದರು.

ಕಾಗೆಯ ಮುಂದೆ ಆಡಿದ ಮಾತು ಇಡೀ ವಂಶಕ್ಕೆ ಬಿತ್ತು. ಅವಳಿದ್ದಾಗ ಅವಳನ್ನು ಕಂಡು ನಗುತ್ತಿದ್ದವರೆಲ್ಲ ಈಗ ನೆಲ ನೋಡುತ್ತ ಬಗ್ಗಿ ನಡೆಯುತ್ತಾರೆ. ಚಿಕ್ಕನಾಯಕನಹಳ್ಳಿಯ ಕಡೆಯ ನೆಂಟರು ಉಪ್ಪಿನಕಾಯಿ ಜಾಡಿಯಲ್ಲಿ ಇರುವೆ ಕಳಿಸಿದರು. ಭಾಮೈದ ದಂಡಿನಶಿವರದಿಂದ ಬಸ್ಸಿನಲ್ಲಿ ಬಿಸ್ಕತ್ತಿನ ಡಬ್ಬಿಯೊಂದನ್ನು ತೊಡೆಯ ಮೇಲಿಟ್ಟುಕೊಂಡು ಬಂದ. ಮುಚ್ಚಳ ತೆಗೆದರೆ ಕೆಂಜಿಗ. ಇವು ಜಿಗಿಯುವುದಿಲ್ಲವಲ್ಲಪ್ಪ ಎಂದೆ.

"ಬಸ್ಸಲ್ಲಿ ಸುಸ್ತಾಗವೆ ಭಾವ. ಈಗ ನೋಡಿ" ಎಂದು ಡಬ್ಬಿಯ ತಳಕ್ಕೆ ಜೋರಾಗಿ ತಟ್ಟಿದ.

ಕೆಂಜಿಗ ಅವನ ಅಂಗಿಯೊಳಗೆ ಹೋದವು. ಅಂಗಳದಿಂದ ಜಗಲಿಗೆ, ಜಗಲಿಯಿಂದ ಬೀದಿಗೆ ಜಿಗಿದವನು ಅವನೊಬ್ಬನೇ.

ಗೊದ್ದಗಳನ್ನು ನಾನು ಆಗಲೇ ಹುಣಸೆ ಮರದ ಬುಡದಲ್ಲಿ ಬಿಟ್ಟಿದ್ದೆ. ಪೆಟ್ಟಿಗೆ ಖಾಲಿಯಿದೆ. ಸಂಜೆ ಶಾಲೆ ಬಿಟ್ಟ ಮೇಲೆ ತೊಟ್ಟಿಯ ಕಟ್ಟೆಯ ಮೇಲೆ ಕೂತು ಗರಿರಾಶಿಯನ್ನು ನೋಡುತ್ತೇನೆ.

ಇವತ್ತು ಬೆಳಿಗ್ಗೆ ಸ್ಟೂಲಿನ ಬಟ್ಟಲುಗಳ ನೀರು ಬದಲಾಯಿಸಿದೆ.