ಅಂಜೂರದ ಗಿಡದ ವೀಕ್ಷಣಾ ವರ್ಷ

ನಮ್ಮ ಕೇಂದ್ರದ ನಿರ್ದೇಶಕರು ಬಿಸಿ ಚಹಾ ಕುಡಿಯುವುದಿಲ್ಲ. ಲೋಟ ಮೇಜಿನ ಮೇಲೆ ಬಂದ ಕೂಡಲೇ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಸ್ವಲ್ಪ ಬಾಗಿ, ಅದನ್ನೇ ನೋಡುತ್ತಾ ನಿಲ್ಲುತ್ತಾರೆ. ಹಬೆ ಅಡಗುತ್ತದೆ. ಕೆನೆ ಕಟ್ಟುತ್ತದೆ. ಕೆನೆ ಸುಕ್ಕಾಗುತ್ತದೆ. ಆಮೇಲೆ "ಹ್ಞಾಂ, ಈಗ ಅರ್ಥವಾಯಿತು" ಎಂದು ಒಂದೇ ಗುಟುಕಿಗೆ ಮುಗಿಸಿ ಮುಖ ಸಿಂಡರಿಸುತ್ತಾರೆ. ಚಹಾದಲ್ಲಿ ಅರ್ಥವಾಗಬೇಕಾದದ್ದು ಏನಿತ್ತು ಎಂದು ಈವರೆಗೆ ಯಾರೂ ಕೇಳಿಲ್ಲ. ಕೇಳುವುದು ಹಸ್ತಕ್ಷೇಪವಾಗುತ್ತದೆ.

ಮಳೆ ಕಡಿಮೆ, ಬಿಸಿಲು ಜಾಸ್ತಿ ಇರುವ ಕಡೆ ಜನ ಒಟ್ಟಾಗಿ ಹೇಗೆ ಬಾಳಬೇಕು ಎಂಬುದನ್ನು ಕಲಿಸುವ ಈ ಕೇಂದ್ರದ ಪ್ರಥಮ ನಿಯಮ ಹುಟ್ಟಿದ್ದು ಆ ಲೋಟದಿಂದಲೇ. ಪರ್ಮಾಕಲ್ಚರ್ ಎಂಬ ಸುಸ್ಥಿರ ಕೃಷಿ ಪದ್ಧತಿಯ ಪುಸ್ತಕಗಳಲ್ಲಿ ಅನೇಕ ವಿಷಯಗಳಿವೆ. ಸ್ನಾನದ ನೀರನ್ನು ಗಿಡಕ್ಕೆ ತಿರುಗಿಸಿ, ತರಗೆಲೆಯನ್ನು ಸುಡದೆ ನೆಲಕ್ಕೆ ಹೊದಿಸಿ, ಇಳಿಜಾರಿಗೆ ಅಡ್ಡವಾಗಿ ಕಾಲುವೆ ತೋಡಿ ಓಡುವ ಮಳೆನೀರನ್ನು ನಿಲ್ಲಿಸಿ, ಮನೆಯ ಪಶ್ಚಿಮಕ್ಕೆ ಮರ ಬೆಳೆಸಿ ಎಂದೆಲ್ಲ ಬರೆದಿದ್ದಾರೆ. ಇವೆಲ್ಲಕ್ಕೂ ಮೊದಲು, ನೆಲವನ್ನು ಕೊಂಚ ಕಾಲ ಸುಮ್ಮನೆ ಗಮನಿಸಿ ಎಂದೂ ಇದೆ. ನಿರ್ದೇಶಕರು ಓದಿಗೆ ಅಲ್ಲೇ ವಿರಾಮ ಕೊಟ್ಟರು. ಪ್ರಕಟಣೆಗಳನ್ನು ಕನ್ನಡದಲ್ಲಿ ಬರೆದು ಫಲಕಕ್ಕೆ ಅಂಟಿಸುವ ಕೆಲಸ ನನ್ನದಾದ್ದರಿಂದ, ನಿಯಮದ ಒಕ್ಕಣೆ ನನಗೆ ಬಾಯಿಪಾಠ:

"ನೆಲ, ಗಿಡ, ನೀರು ಅಥವಾ ನೆರಳಿನ ಸಂಬಂಧವಾಗಿ ಏನನ್ನಾದರೂ ಮಾಡುವ ಮುನ್ನ ಸದರಿ ನೆಲ, ಗಿಡ, ನೀರು ಅಥವಾ ನೆರಳನ್ನು ಪೂರ್ತಿ ಒಂದು ವರ್ಷ ಏನೂ ಮಾಡದೆ ವೀಕ್ಷಿಸತಕ್ಕದ್ದು. ಈ ಅವಧಿಯಲ್ಲಿ ಯಾರೇ ಹಸ್ತಕ್ಷೇಪ ಮಾಡಿದಲ್ಲಿ ವರ್ಷವು ಸಕಲರಿಗೂ ಮೊದಲಿನಿಂದ ಆರಂಭವಾಗತಕ್ಕದ್ದು."

ಒಮ್ಮೆ ಯಾರೋ ಕೂರಲು ಅನುಕೂಲವಾಗಲಿ ಎಂದು ಕಲ್ಲೊಂದನ್ನು ಪಕ್ಕಕ್ಕೆ ಸರಿಸಿದರು. ವರ್ಷ ಮೊದಲಿನಿಂದ ಆರಂಭವಾಯಿತು. ಇನ್ನೊಮ್ಮೆ ಹೊಸದಾಗಿ ಬಂದ ದಂಪತಿ ಅಭ್ಯಾಸಬಲದಿಂದ ಅಂಗಳ ಗುಡಿಸಿದರು. ಹೀಗಾಗಿ ಕೇಂದ್ರ ತೆರೆದು ಬಹಳ ಕಾಲವಾಗಿದ್ದರೂ ನಾವು ಇನ್ನೂ ಮೊದಲ ವರ್ಷದಲ್ಲೇ ಇದ್ದೇವೆ. ಕೇಂದ್ರದ ವತಿಯಿಂದ ಒಂದು ಗುಣಿಯನ್ನೂ ತೋಡಿಲ್ಲ. ವಾರ್ಷಿಕ ವರದಿಯಲ್ಲಿ ಇದನ್ನು "ಅಡಿಪಾಯದ ಹಂತ" ಎಂದು ಕರೆಯಲಾಗಿದೆ.

ಇಂಥ ಹೊತ್ತಿನಲ್ಲಿ ನನ್ನ ಚಿಕ್ಕಮ್ಮ ಇಲ್ಲಿಗೆ ವಾಸಕ್ಕೆ ಬಂದಳು. ಬಾಡಿಗೆ ಮನೆ ಬಿಟ್ಟುಕೊಟ್ಟು, ಇನ್ನು ಉಳಿದ ಆಯುಷ್ಯ ನಾಲ್ಕು ಜನರ ಜೊತೆ ಮರದಡಿ ಕಳೆಯುತ್ತೇನೆಂದು ಬಂದವಳ ಒಂದು ಕೈಯಲ್ಲಿ ಟ್ರಂಕು, ಇನ್ನೊಂದರಲ್ಲಿ ಎಣ್ಣೆ ಡಬ್ಬಿಯೊಳಗೆ ಬೆಳೆಸಿದ ಅಂಜೂರದ ಗಿಡ. ಅವಳಿಗೆ ಸಿಕ್ಕಿದ್ದು ಪಶ್ಚಿಮದ ಸಾಲಿನ ಕೊನೆಯ ಕೋಣೆ. ಮೇಲೆ ತಗಡು, ಕಿಟಕಿಗೆ ನೇರ ಬಿಸಿಲು. ಮಧ್ಯಾಹ್ನ ಗೋಡೆಗೆ ಅಂಗೈ ಒತ್ತಿದರೆ ಚುರುಕ್ ಎನ್ನುತ್ತದೆ. ಚಿಕ್ಕಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಿಟಕಿಯ ಮುಂದೆ ಗುಣಿ ತೋಡಿ, ನಾನು ಪ್ರಕಟಣೆ ಹಿಡಿದು ಓಡಿ ಬರುವಷ್ಟರಲ್ಲಿ ಗಿಡ ನೆಟ್ಟು ಮಣ್ಣು ತುಳಿಯುತ್ತಿದ್ದಳು.

"ಇದನ್ನ ನೀನೇ ಬರೆದಿದ್ದೇನೇ?" ಎಂದು ಪ್ರಕಟಣೆಯನ್ನು ಕನ್ನಡಕದ ಕೆಳಗಿನಿಂದ ಓದಿದಳು. "ಪರವಾಗಿಲ್ವೇ! ಇಂಗ್ಲಿಷ್ ಶಾಲೇಲಿ ಓದಿದೋಳು 'ತಕ್ಕದ್ದು' ಅಂತ ಎಷ್ಟು ಚೆನ್ನಾಗಿ ಹಾಕಿದ್ಯಾ."

ಚಿಕ್ಕಮ್ಮ ಕೋರ್ಟಿನಲ್ಲಿ ಟೈಪಿಸ್ಟ್ ಆಗಿದ್ದವಳು. ತಕ್ಕದ್ದು ಎಂದು ಮುಗಿಯುವ ವಾಕ್ಯವನ್ನು ಅವಳು ಜನ್ಮದಲ್ಲಿ ಮೀರಿದವಳಲ್ಲ. ಆದರೆ ಗುಣಿ ಆಗಿಹೋಗಿತ್ತು. ವರ್ಷ ಮೊದಲಿನಿಂದ ಆರಂಭವಾಯಿತು.

ಗಿಡವನ್ನು ಕಿತ್ತುಹಾಕಿ ಎಂದರು ಕೆಲವರು. ಕೀಳುವುದೂ ಹಸ್ತಕ್ಷೇಪವೇ ಎಂದು ವೀಕ್ಷಣಾ ಸಮಿತಿಯ ಅಧ್ಯಕ್ಷರು ತೀರ್ಪಿತ್ತರು. ಇವರು ನಿವೃತ್ತ ಬ್ಯಾಂಕ್ ಮ್ಯಾನೇಜರು. ಅರ್ಜಿ ಕೊಟ್ಟವರನ್ನು ನಾಳೆ ಬನ್ನಿ ಎನ್ನುವ ಕಲೆ ಅವರಲ್ಲಿ ಇನ್ನೂ ಮಾಸಿಲ್ಲ. ಆದ್ದರಿಂದ ಗಿಡ ಇರಬಹುದು, ಅದನ್ನು ಬದುಕಿಸುವಂತಿಲ್ಲ, ಸಾಯಿಸುವಂತಿಲ್ಲ, ನೋಡಬಹುದು.

ಎಲೆಗಳ ಅಂಚು ಕಂದಿತು. ಒಂದು ದಿನ ಬೀದಿ ನಾಯಿಯೊಂದು ಬಂದು, ಕಾಲೆತ್ತಿ ಗಿಡದ ಬುಡಕ್ಕೆ ತನ್ನ ಕೆಲಸ ಮುಗಿಸಿ ಹೋಯಿತು. ಎಲ್ಲರೂ ಎದೆ ಹಿಡಿದುಕೊಂಡರು. ಸಮಿತಿ ತುರ್ತಾಗಿ ಸೇರಿ, ವರ್ಷ ಮುಂದುವರಿಯುತ್ತದೆ ಎಂದಿತು.

"ಅದ್ಹೇಗೆ ಸರ್?" ಎಂದಳು ಚಿಕ್ಕಮ್ಮ. "ನಾಯಿ ಹಾಕಬಹುದು, ನಾನು ಹಾಕಬಾರದಾ?"

"ನಾಯಿ ಪ್ರಕೃತಿ ಅಮ್ಮ. ನೀವು ನಿವಾಸಿ," ಎಂದರು ಅಧ್ಯಕ್ಷರು.

"ಹಾಗಾದ್ರೆ ದಿನಾ ಅದನ್ನೇ ಕರ್ಕೊಂಡು ಬರ್ತೀನಿ. ಒಂದು ಬಿಸ್ಕತ್ತು ಹಾಕಿದ್ರೆ ಬರತ್ತೆ ಪಾಪ."

"ಕರೆದರೆ ಹಸ್ತಕ್ಷೇಪ. ತಾನಾಗಿ ಬಂದರೆ ಪ್ರಕೃತಿ."

ನಾಯಿ ತಾನಾಗಿ ಮತ್ತೆ ಬರಲಿಲ್ಲ. ನೆರಳಿರುವ ಕಡೆ ಹೋಯಿತು.

ಕದ್ದು ನೀರು ಹಾಕುವುದು ಸಾಧ್ಯವಿರಲಿಲ್ಲ. ನಿಯಮ ಕಾಯುವುದು ಕಾವಲುಗಾರನಲ್ಲ, ನೆರೆಹೊರೆ. ಸಮುದಾಯ ಜೀವನದ ಸೊಗಸೇ ಇದು. ಚಿಕ್ಕಮ್ಮ ಚೊಂಬು ಹಿಡಿದು ಹೊರಗೆ ಬಂದರೆ ಸಾಲಿನ ಎಲ್ಲ ಕಿಟಕಿಗಳೂ ತೆರೆದುಕೊಳ್ಳುತ್ತಿದ್ದವು. ಪಕ್ಕದ ಕೋಣೆಯಾಕೆ ನಯವಾಗಿ, "ಅಕ್ಕಾ, ನಿಮ್ಮ ಕಷ್ಟ ನಂಗೆ ಅರ್ಥ ಆಗತ್ತೆ. ನನ್ನ ಕೋಣೇನೂ ಒಲೆನೇ. ಆದ್ರೆ ಈ ವರ್ಷ ಒಂದು ಮುಗಿದುಬಿಟ್ರೆ ಎಲ್ರೂ ಮರ ನೆಡಬಹುದು ನೋಡಿ. ನಿಮ್ಮೊಂದು ಚೊಂಬಿಗೋಸ್ಕರ ಎಲ್ರನ್ನೂ ಮತ್ತೆ ಬಿಸಿಲಿಗೆ ಹಾಕ್ತೀರಾ?" ಎಂದಳು. ಚಿಕ್ಕಮ್ಮ ಚೊಂಬಿನ ನೀರನ್ನು ತಾನೇ ಕುಡಿದಳು.

ಎಲೆ ಉದುರತೊಡಗಿದ ಮೇಲೆ ಕೇಂದ್ರಕ್ಕೆ ಒಳ್ಳೆಯ ಕಾಲ ಬಂತು. ಕಣ್ಣೆದುರೇ ಒಣಗುತ್ತಿರುವ ಗಿಡ ಬೇರೆ ಯಾವ ಕೇಂದ್ರದಲ್ಲೂ ಇರಲಿಲ್ಲ. ನಿರ್ದೇಶಕರು "ಸಹನಾ ಶಿಬಿರ"ವನ್ನು ಆರಂಭಿಸಿದರು. ದೂರದ ಊರುಗಳಿಂದ ಜನ ಬಂದು ಗಿಡದ ಸುತ್ತ ಚಾಪೆ ಹಾಸಿ ಕೂತರು. ಬಿಸಿಲಿನ ಚಾಪೆಗೆ ಒಂದು ಶುಲ್ಕ. ಬಿಸಿಲಿನ ಚಾಪೆಯಿಂದ ಎದ್ದು ನೆರಳಿಗೆ ಹೋಗಲು ಅದರ ಎರಡರಷ್ಟು. ಮಧ್ಯಾಹ್ನದ ಹೊತ್ತಿಗೆ ಎರಡನೆಯ ಶುಲ್ಕಕ್ಕೆ ಸರದಿ ಉದ್ದವಿರುತ್ತಿತ್ತು.

ಒಂದು ಎಲೆ ಬಿದ್ದಾಗ ಶಿಬಿರಕ್ಕೆ ಬಂದ ಯುವಕನೊಬ್ಬ ಕಣ್ಣೊರೆಸಿಕೊಂಡ. "ಬಿಟ್ಟುಕೊಡೋದನ್ನ ಎಷ್ಟು ಚೆನ್ನಾಗಿ ಕಲಿಸ್ತಾ ಇದೆ ಅಲ್ವಾ ಆಂಟಿ ಈ ಗಿಡ?"

"ಅದು ಏನೂ ಕಲಿಸ್ತಿಲ್ಲಪ್ಪ," ಎಂದಳು ಚಿಕ್ಕಮ್ಮ. "ಅದಕ್ಕೆ ಬಾಯಾರಿಕೆ ಆಗಿದೆ."

ಯುವಕ ಜೇಬಿಗೆ ಕೈಹಾಕಿದ. "ಆಹಾ! ಇನ್ನೊಂದು ಸಲ ಹೇಳಿ ಆಂಟಿ, ಮೊಬೈಲಲ್ಲಿ ಹಿಡ್ಕೊತೀನಿ."

ಮರುವಾರ ಆ ಮಾತು ಶಿಬಿರದ ಬ್ಯಾನರ್ ಮೇಲಿತ್ತು. ಅಕ್ಷರ ನನ್ನದು.

ಈ ನಡುವೆ ಬೀಜ ಸಂರಕ್ಷಣಾ ಕೊಠಡಿಯಲ್ಲಿ ತೊಂದರೆಯಾಯಿತು. ಕೇಂದ್ರದಲ್ಲಿ ಎ.ಸಿ. ಇಲ್ಲ, ಇಲ್ಲವೆಂದು ಕರಪತ್ರದ ಮೊದಲ ಪುಟದಲ್ಲೇ ಇದೆ. ಆದರೆ ಬೀಜಗಳಿಗೆ ತಂಪು ಬೇಕಾದ್ದರಿಂದ ಆ ಕೊಠಡಿಯ ಗೋಡೆಗೆ ಒಂದು ಯಂತ್ರ ಹಾಕಲಾಗಿದೆ. ಬೀಜಗಳು ಒಂದು ಗಾಜಿನ ಬಾಟಲಿಯಲ್ಲಿವೆ. ಅವುಗಳನ್ನು ಒಂಟಿಯಾಗಿ ಬಿಡಬಾರದೆಂದು ನಿರ್ದೇಶಕರೂ ಸಮಿತಿಯವರೂ ಬೆಳಗಿನಿಂದ ಸಂಜೆವರೆಗೆ ಜೊತೆಗಿರುತ್ತಾರೆ. ಎಲೆಕ್ಟ್ರಿಷಿಯನ್ ಬಂದ.

"ಎ.ಸಿ. ಎಲ್ಲಿದೆ ಸಾರ್?"

"ಇಲ್ಲಿ ಎ.ಸಿ. ಇಲ್ಲ," ಎಂದರು ಅಧ್ಯಕ್ಷರು.

ಅವನು ಗೋಡೆಯ ಕಡೆ ನೋಡಿದ. "ಮತ್ತೆ ಇದೇನು ಸಾರ್?"

"ಅದು ಬೀಜಗಳದ್ದು."

"ಸರಿ. ಬೀಜಗಳಿಗೆ ಏನಾಗ್ತಿದೆ?"

"ನನಗೆ ಬೆವರ್ತಾ ಇದೆ."

ಎಲೆಕ್ಟ್ರಿಷಿಯನ್ ಯಂತ್ರ ಸರಿಮಾಡಿದ. ಒಳಗೆ ಸೋರುತ್ತಿದ್ದ ನೀರಿಗೆ ಒಂದು ಪೈಪು ಸಿಕ್ಕಿಸಿ, ಗೋಡೆ ಕೊರೆದು ಹೊರಗೆ ಬಿಟ್ಟ. ಹೊರಗೆಂದರೆ ಪಶ್ಚಿಮದ ಸಾಲು. ತೊಟ್ಟು ತೊಟ್ಟಾಗಿ ನೀರು ಸಿಮೆಂಟಿನ ಮೇಲೆ ಬಿದ್ದು, ಹರಿಯುವ ಮೊದಲೇ ಆರಿಹೋಗುತ್ತಿತ್ತು. ಚಿಕ್ಕಮ್ಮನ ಅಂಜೂರ ಅಲ್ಲಿಂದ ಕೂಗಳತೆಯೂ ಅಲ್ಲ, ಪಿಸುಮಾತಿನಳತೆ.

ಅವಳು ಪೈಪಿನ ಕೆಳಗೆ ಚೊಂಬು ಇಟ್ಟಳು. ಕಿಟಕಿಗಳು ತೆರೆದುಕೊಂಡವು. ಮಧ್ಯಾಹ್ನದೊಳಗೆ ಅವಳನ್ನು ವಿಚಾರಣೆಗೆ ಕರೆಯಲಾಯಿತು. ಬೀಜ ಕೊಠಡಿಯಲ್ಲಿ ನಡೆದದ್ದರಿಂದ ಅವಳಿಗೆ ಮೊದಲು ಶಾಲು ಹೊದಿಸಬೇಕಾಯಿತು.

"ಸರ್," ಎಂದಳು ಚಿಕ್ಕಮ್ಮ, ತುಂಬಿದ ಚೊಂಬನ್ನು ಮಡಿಲಲ್ಲಿಟ್ಟುಕೊಂಡು. ಕೋರ್ಟಿನಲ್ಲಿ ಅಷ್ಟು ಕಾಲ ಬೇರೆಯವರ ವಾದ ಟೈಪು ಮಾಡಿದ್ದಳು. ಈಗ ತನ್ನದಕ್ಕೆ ಗಂಟಲು ಸರಿಮಾಡಿಕೊಂಡಳು. "ಕೇಂದ್ರದಲ್ಲಿ ಎ.ಸಿ. ಇದೆಯಾ?"

"ಇಲ್ಲ," ಎಂದರು ನಿರ್ದೇಶಕರು.

"ಇಲ್ಲದ ಎ.ಸಿ.ಯಿಂದ ನೀರು ಬರತ್ತಾ?"

"ಹೇಗೆ ಬರುತ್ತೆ?"

"ಅಲ್ಲಿಗೆ ಈ ಚೊಂಬಲ್ಲಿ ಏನೂ ಇಲ್ಲ. ಏನೂ ಇಲ್ಲದ್ದನ್ನ ಗಿಡಕ್ಕೆ ಹಾಕಿದ್ರೆ ಹಸ್ತಕ್ಷೇಪ ಹೇಗಾಗತ್ತೆ ಸರ್?"

ಇಲ್ಲದ ಯಂತ್ರದ ಗುಂಯ್ ಶಬ್ದ ಮಾತ್ರ ಕೇಳುತ್ತಿತ್ತು. ಸಮಿತಿಯ ಇಬ್ಬರು ತಲೆದೂಗಿದರು, ಆಮೇಲೆ ಅಧ್ಯಕ್ಷರ ಮುಖ ನೋಡಿ ನಿಲ್ಲಿಸಿದರು.

"ವಾದ ಚೆನ್ನಾಗಿದೆ ಅಮ್ಮ," ಎಂದರು ಅಧ್ಯಕ್ಷರು. "ಆದ್ರೆ ಗಿಡ ಚಿಗುರಿದ್ರೆ?"

"ಚಿಗುರಲಿ ಅಂತಾನೇ ಅಲ್ವಾ?"

"ಚಿಗುರಿದ್ರೆ ಕಾಣತ್ತೆ. ಕಂಡ್ರೆ ನೀರು ಎಲ್ಲಿಂದ ಬಂತು ಅಂತ ಶಿಬಿರದವರು ಕೇಳ್ತಾರೆ. ಆಗ ಏನ್ ಹೇಳೋಣ? ಅಲ್ಲದೆ ಅವರು ಒಣಗೋದನ್ನ ನೋಡೋಕೆ ದುಡ್ಡು ಕೊಟ್ಟಿದ್ದಾರೆ. ಚಿಗುರನ್ನ ಅವರ ಮನೆ ಕುಂಡದಲ್ಲೂ ನೋಡಬಹುದು."

"ಸರ್, ಮಧ್ಯಾಹ್ನ ಆ ಕೋಣೇಲಿ ಮಲಗಕ್ಕಾಗಲ್ಲ. ತಲೆ ಸುತ್ತತ್ತೆ. ಮೊನ್ನೆ ಬಾಗಿಲು ಎಲ್ಲಿದೆ ಅಂತಾನೇ ತಿಳೀಲಿಲ್ಲ ನಂಗೆ. ವಾಪಸ್ ಹೋಗಕ್ಕೆ ಮನೆ ಇಲ್ಲ. ಆ ಕಿಟಕಿಗೆ ಇರೋದು ಅದೊಂದೇ ಗಿಡ."

ಇದು ನಿಯಮದ ಚೌಕಟ್ಟಿಗೆ ಬರುವ ವಿಷಯವಲ್ಲವಾದ್ದರಿಂದ ಕಡತಕ್ಕೆ ಸೇರಿಸಲಿಲ್ಲ. ಬೀಜದ ಬಾಟಲಿಯನ್ನು ಸ್ವಲ್ಪ ಆ ಕಡೆ ತಿರುಗಿಸಿ, ನಿರ್ದೇಶಕರು ಎದ್ದರು. "ನಡೀರಿ. ಸ್ಥಳಕ್ಕೆ ಹೋಗಿ ನೋಡೋಣ."

ಕೇಂದ್ರದ ಚರಿತ್ರೆಯಲ್ಲಿ ಸಮಿತಿಯವರು ಮಧ್ಯಾಹ್ನ ಹೊರಗೆ ಬಂದದ್ದು ಅದೇ ಮೊದಲು. ಅಧ್ಯಕ್ಷರಿಗೆ ಛತ್ರಿ ಹಿಡಿಯಲಾಯಿತು. ಶಿಬಿರದವರು ಚಾಪೆ ಸರಿಸಿ ದಾರಿ ಬಿಟ್ಟರು. ನೆರೆಹೊರೆಯವರು ಕಿಟಕಿ ಬಿಟ್ಟು ಬಾಗಿಲಿಗೆ ಬಂದರು. ಒಂದೂ ಎಲೆಯಿಲ್ಲದೆ ನಿಂತ ಅಂಜೂರ ನೆಲಕ್ಕೆ ಚುಚ್ಚಿದ ಕಡ್ಡಿಯಂತಿತ್ತು. ಅದರ ನೆರಳು ಇನ್ನೊಂದು ಕಡ್ಡಿ.

"ಹೋಗಿದೆ," ಎಂದರು ಅಧ್ಯಕ್ಷರು ಸಮಾಧಾನದಿಂದ. "ವಿಷಯ ತಾನಾಗಿ ಮುಗೀತಲ್ಲ."

ಚಿಕ್ಕಮ್ಮ ಮಂಡಿಯೂರಿ ಕೂತಳು. ಹೆಬ್ಬೆರಳ ಉಗುರಿನಿಂದ ಬುಡದ ಸಿಪ್ಪೆಯನ್ನು ಎಳ್ಳಷ್ಟು ಕೆರೆದಳು. ಅಲ್ಲಿ ಹಸಿರಿತ್ತು. ಮುಟ್ಟಿದ್ದಕ್ಕೆ ವರ್ಷ ಮೊದಲಿನಿಂದ ಆರಂಭವಾಯಿತೇ ಎಂದು ಯಾರೋ ಪಿಸುಗುಟ್ಟಿದರು. ಉಗುರು ಪ್ರಕೃತಿಯೋ ನಿವಾಸಿಯೋ ಎಂಬ ಚರ್ಚೆ ಹಿಂದಿನ ಸಾಲಿನಲ್ಲಿ ಶುರುವಾಯಿತು. ನಾನು ತೀರ್ಮಾನದ ಜಾಗ ಖಾಲಿ ಬಿಟ್ಟು, ಮಿಕ್ಕ ಪ್ರಕಟಣೆಯನ್ನು ಆಗಲೇ ಬರೆದು ತಂದಿದ್ದೆ. 'ತಕ್ಕದ್ದು' ಸಿದ್ಧವಿತ್ತು, ಹಿಂದೆ ಸೇರಿಸಲು ಕ್ರಿಯಾಪದವೊಂದೇ ಬಾಕಿ.

"ಇನ್ನೂ ಜೀವ ಇದೆ ಸರ್. ನೋಡಿ, ಇಲ್ಲಿ. ಇವತ್ತು ಹಾಕಿದ್ರೆ ಉಳಿಯತ್ತೆ." ಚಿಕ್ಕಮ್ಮ ಚೊಂಬನ್ನು ಬುಡದ ಹತ್ತಿರ ತಂದು, ಸ್ವಲ್ಪ ಓರೆ ಮಾಡಿ, ಚೆಲ್ಲದ ಹಾಗೆ ಹಿಡಿದು ತಲೆಯೆತ್ತಿದಳು. "ಇದೊಂದು ಚೊಂಬು. ಹಾಕಲಾ?"

ನಿರ್ದೇಶಕರು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು. ಸ್ವಲ್ಪ ಬಾಗಿದರು. ಅವರನ್ನು ಕಂಡು ಅಧ್ಯಕ್ಷರೂ ಬಾಗಿದರು, ಸಮಿತಿಯವರು ಬಾಗಿದರು, ಶಿಬಿರದವರೂ ಪಕ್ಕದ ಕೋಣೆಯಾಕೆಯೂ ಬಾಗಿದರು. ಕಾಗದ ಹಿಡಿದಿದ್ದರಿಂದ ನನಗೆ ಒಂದೇ ಕೈ ಹಿಂದೆ ಕಟ್ಟಲು ಸಾಧ್ಯವಾಯಿತು. ಎಲ್ಲರೂ ಚೊಂಬನ್ನು ನೋಡಿದೆವು. ನೀರಿನ ತಂಪಿಗೆ ಚೊಂಬಿನ ಹೊರಮೈಯಲ್ಲಿ ಮೂಡಿದ್ದ ಹನಿಗಳು ಒಂದೊಂದಾಗಿ ಆರಿದವು. ಅವಳು ಚೊಂಬಿಗೆ ಇನ್ನೊಂದು ಕೈಯನ್ನೂ ಆಸರೆ ಕೊಟ್ಟಳು. ಅದನ್ನೂ ಗಮನಿಸಲಾಯಿತು.

"ಹಾಕಲಾ, ಸರ್?"