ನಾನು ಎಂಜಿನ್ ಡಾಕ್ಟರಾಗಿದ್ದ ಕಾಲ

ಎದುರಿಗಿದ್ದವರು ಒಂದು ಸಲ ಕೆಮ್ಮಿದರೆ ಸಾಕು, ಕಷಾಯ ಹೇಳದೆ ಸುಮ್ಮನಿರಲಾರದ ಜನ ನಮ್ಮಲ್ಲಿ ಬಹಳ. ಅವರ ಮೇಲೆ ನನಗೆ ಸಿಟ್ಟಿಲ್ಲ. ಯಾಕೆಂದರೆ ನಾನೂ ಅದೇ ಪಂಗಡದವನು. ಅವರು ಮನುಷ್ಯರ ಕೆಮ್ಮಿಗೆ ಮದ್ದು ಹೇಳುತ್ತಾರೆ, ನಾನು ಮೋಟಾರ್ ಸೈಕಲ್ಲಿನ ಕೆಮ್ಮಿಗೆ ಹೇಳುತ್ತಿದ್ದೆ. ಕಷಾಯ ಹೇಳುವವರಿಗೆ ಜೀರಿಗೆ, ಮೆಣಸಾದರೂ ಗೊತ್ತಿರುತ್ತದೆ. ನನಗೆ ಎಂಜಿನ್ನಿನ ಹೊಟ್ಟೆಯೊಳಗೆ ಏನೇನಿದೆ ಅನ್ನುವುದು ಇವತ್ತಿಗೂ ಸರಿಯಾಗಿ ಗೊತ್ತಿಲ್ಲ.

ಇದು ಶುರುವಾದದ್ದು ತೊಂಬತ್ತರ ದಶಕದಲ್ಲಿ. ನಾನು ಮೈಸೂರಿನ ಹೆಬ್ಬಾಳದ ಒಂದು ಕಾರ್ಖಾನೆಯ ಆಫೀಸಿನಲ್ಲಿ ಗುಮಾಸ್ತನಾಗಿದ್ದೆ. ಕುವೆಂಪುನಗರದ ಮನೆಯಿಂದ ಒಂದು ಹಳೆಯ ಬೈಕಿನಲ್ಲಿ ಹೋಗಿ ಬರುತ್ತಿದ್ದೆ. ಒಂದು ಸಂಜೆ ನಮ್ಮ ವಿಭಾಗದ ನಂಜುಂಡಸ್ವಾಮಿ ಸ್ಟ್ಯಾಂಡಿನಲ್ಲಿ ತನ್ನ ಬೈಕಿಗೆ ಕಿಕ್ ಹೊಡೆದು ಹೊಡೆದು ಬೆವರುತ್ತಿದ್ದ. ಪಕ್ಕದಲ್ಲಿ ಸುಮ್ಮನೆ ನಿಂತರೆ ಚೆನ್ನಾಗಿರುವುದಿಲ್ಲವಲ್ಲ ಎಂದು ನಾನು "ಪ್ಲಗ್ಗು ನೋಡಯ್ಯ" ಅಂದೆ. ಬೈಕಿನ ಭಾಗಗಳಲ್ಲಿ ನನಗೆ ಹೆಸರು ಗೊತ್ತಿದ್ದದ್ದು ಅದೊಂದೇ. ಅವನು ಪ್ಲಗ್ಗು ಬಿಚ್ಚಿ ಒರೆಸಿ ಹಾಕಿದ. ಒಂದೇ ಕಿಕ್ಕಿಗೆ ಗಾಡಿ ಶುರುವಾಗಿಬಿಟ್ಟಿತು. "ಶಬ್ದ ಕೇಳೇ ಹೇಳ್ಬುಟ್ರಲ್ಲ ಸಾರ್! ಡಾಕ್ಟ್ರು ಕಣ್ರೀ ನೀವು!" ಅಂದ. ಮಾರನೆಯ ದಿನದಿಂದ ಇಡೀ ಆಫೀಸಿಗೆ ನಾನು ಡಾಕ್ಟ್ರು.

ಪದವಿ ಸುಮ್ಮನೆ ಸಿಕ್ಕರೂ ಅದನ್ನು ಉಳಿಸಿಕೊಳ್ಳುವುದಕ್ಕೆ ಶ್ರಮ ಬೇಕು. ನಾನೊಂದು ಪದ್ಧತಿ ಮಾಡಿಕೊಂಡೆ. ಯಾರಾದರೂ ಗಾಡಿ ತಂದು ನಿಲ್ಲಿಸಿದರೆ ಮೊದಲು ಕಣ್ಣು ಮುಚ್ಚಿ, ತಲೆ ಒಂದು ಕಡೆ ವಾಲಿಸಿ ಅರ್ಧ ನಿಮಿಷ ಕೇಳುತ್ತಿದ್ದೆ. ಆಮೇಲೆ, "ಈ ಶಬ್ದ ಎಂಜಿನ್ ತಣ್ಣಗಿದ್ದಾಗ ಬರುತ್ತೋ, ಬಿಸಿಯಾದ ಮೇಲೋ?" ಎಂಬ ಪ್ರಶ್ನೆ. ಯಾವ ಉತ್ತರ ಬಂದರೂ "ಅದೇ ಅಂದ್ಕೊಂಡೆ" ಅನ್ನುತ್ತಿದ್ದೆ. ಎರಡೂ ಹೊತ್ತು ಬರುತ್ತೆ ಅಂದವರಿಗೆ ಮಾತ್ರ "ಇನ್ನೂ ಸ್ವಲ್ಪ ದಿನ ಓಡಿಸಿ ನೋಡೋಣ" ಎನ್ನುತ್ತಿದ್ದೆ. ಟಕಟಕ ಅಂದರೆ ಪಿಸ್ಟನ್ನು, ಕಿರ್ ಅಂದರೆ ಚೈನು, ಗುರ್ ಅಂದರೆ ಬೇರಿಂಗು. ನನ್ನ ವೈದ್ಯಶಾಸ್ತ್ರ ಅಷ್ಟೇ. ರೋಗಿಗಳು ನನ್ನ ಹತ್ತಿರ ಬಂದುಹೋದ ಮೇಲೆ ಹೇಗೂ ಮೆಕ್ಯಾನಿಕ್ ಜಬ್ಬಾರನ ಅಂಗಡಿಗೆ ಹೋಗುತ್ತಿದ್ದರು. ಅವನು ನಿಜವಾದ ಕಾಯಿಲೆ ಹುಡುಕಿ ಸರಿಮಾಡುತ್ತಿದ್ದ. ಹೆಸರು ನನಗೆ ಬರುತ್ತಿತ್ತು.

ಡಾಕ್ಟರ ಗಾಡಿ ದಾರಿಯಲ್ಲಿ ಕೆಟ್ಟು ನಿಂತರೆ ಮರ್ಯಾದೆ ಉಳಿಯುತ್ತದೆಯೇ? ಹಾಗಾಗಿ ಒಂದು ಕ್ಯಾನ್ವಾಸ್ ಚೀಲ ಹೊಲಿಸಿ ಬೈಕಿಗೆ ನೇತುಹಾಕಿದೆ. ಅದರಲ್ಲಿ ಮೂರು ಪ್ಲಗ್ಗು, ಎರಡು ಕ್ಲಚ್ ಕೇಬಲ್ಲು, ಚೈನಿನ ಕೊಂಡಿ, ಬಲ್ಬು, ಟ್ಯೂಬು, ಪಂಕ್ಚರ್ ಸಾಮಾನು, ಪಾನಾಗಳು, ಉಪ್ಪುಕಾಗದ, ಕಟ್ಟುಕಂಬಿ. ನನ್ನ ಹೆಂಡತಿ ಗಿರಿಜಾ ತವರಿಗೆ ಹೊರಟಾಗ ಒಂದು ಸೀರೆ ಇಡುವುದಕ್ಕೂ ಅದರಲ್ಲಿ ಜಾಗ ಇರಲಿಲ್ಲ. "ರೀ, ಇಷ್ಟು ಸಾಮಾನು ಹೊತ್ಕೊಂಡು ಹೋಗೋದ್ರ ಬದ್ಲು ಇನ್ನೊಂದು ಬೈಕೇ ಹೊತ್ಕೊಂಡು ಹೋಗ್ಬಹುದಲ್ಲ" ಅನ್ನುತ್ತಿದ್ದಳು. ಹೆಂಗಸರಿಗೆ ಇದೆಲ್ಲ ಅರ್ಥವಾಗುವುದಿಲ್ಲ ಎಂದು ನಾನು ಆ ಕಾಲದಲ್ಲಿ ನಂಬಿದ್ದೆ.

ಆಗಲೇ ನಮ್ಮ ರವಾನೆ ವಿಭಾಗದ ಸುಮಿತ್ರಾ ಮೇಡಂ ಒಂದು ದಿನ ನನ್ನ ಮೇಜಿನ ಹತ್ತಿರ ಬಂದರು. ನಲವತ್ತರ ಆಸುಪಾಸಿನವರು, ಮಾತು ಕಡಿಮೆ. ಅವರ ಯಜಮಾನರು ತೀರಿಕೊಂಡು ಎರಡು ವರ್ಷವಾಗಿತ್ತು. ಯಜಮಾನರ ಬೈಕು ಒಂಟಿಕೊಪ್ಪಲಿನ ಮನೆಯ ವರಾಂಡದಲ್ಲಿ ಹಳೆಯ ಬೆಡ್‌ಶೀಟು ಹೊದ್ದುಕೊಂಡು ನಿಂತಿತ್ತು.

"ಸಾರ್, ಭಾನುವಾರ ಭಾನುವಾರ ಸ್ಟಾರ್ಟ್ ಮಾಡಿ ಇಡ್ತೀನಿ. ಓಡ್ಸೋದು ಕಲೀಬೇಕು ಅಂತ ಆಸೆ. ಆದ್ರೆ ಈಗ ಏನೋ ಶಬ್ದ ಬರ್ತಿದೆ. ನೀವೊಂದ್ಸಲ ಬಂದು ಕೇಳ್ತೀರಾ?"

ಹೋದೆ. ಕೋಡುಬಳೆ, ಕಾಫಿ ಆಯಿತು. ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗಿಟ್ಟು ಹಿಡಿಯನ್ನು ಕಿವಿಗೆ ಒತ್ತಿಕೊಂಡೆ. ಜಬ್ಬಾರ್ ಹಾಗೆ ಮಾಡುವುದನ್ನು ನೋಡಿದ್ದೆ. ಕೇಳಿಸಿದ್ದು ಒಂದು ಗದ್ದಲ, ಅಷ್ಟೇ. ಆದರೆ ಹಿಂದಿನ ವಾರ ಯಾರದೋ ಬಾಯಲ್ಲಿ 'ಕ್ರ್ಯಾಂಕು' ಎಂಬ ಹೊಸ ಶಬ್ದ ಕೇಳಿದ್ದೆ. ಅದನ್ನು ಎಲ್ಲಾದರೂ ಬಳಸಬೇಕು ಎಂದು ನಾಲಿಗೆ ತುರಿಸುತ್ತಿತ್ತು. "ಕ್ರ್ಯಾಂಕು ಹೋಗಿದೆ ಮೇಡಂ. ಎಂಜಿನ್ನೇ ಬಿಚ್ಚಬೇಕಾಗುತ್ತೆ. ಅದ್ರ ಬದ್ಲು ಕೊಟ್ಟುಬಿಡೋದೇ ವಾಸಿ" ಅಂದುಬಿಟ್ಟೆ.

ಅವರು ಎಂಜಿನ್ ಆರಿಸಿ, ಬೆಡ್‌ಶೀಟು ಹೊದಿಸಿ, ಅದರ ನಾಲ್ಕು ಮೂಲೆಯನ್ನೂ ಮಗುವಿಗೆ ಹೊದಿಸುವ ಹಾಗೆ ಒಳಗೆ ಸಿಕ್ಕಿಸಿದರು. ನಾನು ಆಗಲೇ ಬಾಯಿಬಿಡಬಹುದಿತ್ತು. "ಇನ್ನೊಬ್ಬರಿಗೂ ತೋರಿಸಿ" ಅಂದಿದ್ದರೂ ಸಾಕಿತ್ತು. ಕೋಡುಬಳೆಯ ಋಣಕ್ಕಾದರೂ ಅನ್ನಬೇಕಿತ್ತು. ಅನ್ನಲಿಲ್ಲ.

ಹದಿನೈದು ದಿನದ ಮೇಲೆ ಅವರೇ ಮತ್ತೆ ಬಂದರು. "ಸಾರ್, ಗಾಡಿ ತಗೊಳ್ಳೋರು ಬಂದಿದ್ರು. ಜೊತೇಲಿ ಜಬ್ಬಾರನ್ನೂ ಕರ್ಕೊಂಡು ಬಂದಿದ್ರು, ಏನಾದ್ರೂ ಐಬು ತೋರ್ಸಿ ರೇಟ್ ಇಳಿಸ್ಲಿ ಅಂತ. ಅವನು ಕೇಳಿದೋನೇ ಚೈನ್ ಕವರಿನ ಒಂದು ಬೋಲ್ಟು ತಿರುಗ್ಸಿದ. ಶಬ್ದ ನಿಂತುಹೋಯ್ತು. 'ಅಮ್ಮಾ, ಇದ್ಕೆ ಏನೂ ಆಗಿಲ್ಲ, ಚಿನ್ನದಂಥ ಗಾಡಿ, ಯಾಕಮ್ಮ ಮಾರ್ತೀರ?' ಅಂದ. ನಾನು ಕೊಡಲ್ಲ ಅಂದ್ಬಿಟ್ಟೆ."

"ಹೌದೌದು, ಕೆಲವು ಸಲ ಚೈನ್ ಕವರೂ ಕ್ರ್ಯಾಂಕಿನ ಥರಾನೇ ಶಬ್ದ ಮಾಡುತ್ತೆ" ಅಂದೆ. ಈ ಮಾತು ಹೇಗೆ ಬಾಯಿಂದ ಬಂತೋ, ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ. ಅವರು ಮಾತ್ರ "ಇರ್ಬೇಕು ಸಾರ್" ಎಂದು ತಮ್ಮ ಜಾಗಕ್ಕೆ ಹೋದರು. ಆಮೇಲೆ ಶನಿವಾರ ಸಂಜೆಗಳಲ್ಲಿ ಜಬ್ಬಾರನ ಅಂಗಡಿಯ ಸ್ಟೂಲಿನ ಮೇಲೆ ಕೂತು ಒಂದೊಂದನ್ನೇ ಕೇಳಿ ತಿಳಿದುಕೊಂಡರು ಎಂದು ಸುದ್ದಿ ಬಂತು. ಮೂರು ತಿಂಗಳಾಗುವುದರಲ್ಲಿ ಚೂಡಿದಾರ ತೊಟ್ಟು, ಬೈಕು ಓಡಿಸಿಕೊಂಡೇ ಆಫೀಸಿಗೆ ಬಂದರು. ಸ್ಟ್ಯಾಂಡಿನಲ್ಲಿದ್ದ ಗಂಡಸರೆಲ್ಲ ಗಾಡಿ ನೋಡುವ ನೆಪದಲ್ಲಿ ಅವರನ್ನು ನೋಡಿದರು. ನಾನು ಚಪ್ಪಲಿ ನೋಡಿಕೊಂಡೆ.

ಅದೇ ವರ್ಷ ಗಿರಿಜಾಳ ಅಣ್ಣ ನರಸೀಪುರದಲ್ಲಿ ಮನೆ ಕಟ್ಟಿಸಿದ. ಭಾನುವಾರ ಗೃಹಪ್ರವೇಶ. ಹಾಲು ಉಕ್ಕಿಸಬೇಕಾದವಳು ಮನೆಮಗಳಾದ ಗಿರಿಜಾ. ಹಿಂದಿನ ದಿನವೇ ಬಸ್ಸಿಗೆ ಹೋಗೋಣ ಎಂದಳು. "ನಮ್ಮ ಗಾಡಿ ಇರುವಾಗ ಬಸ್ಸು ಯಾಕೆ ಕಣೇ?" ಎಂದು ಬೆಳಿಗ್ಗೆ ಬೈಕಿನಲ್ಲೇ ಹೊರಡಿಸಿದೆ. ವರುಣ ದಾಟಿ ಸ್ವಲ್ಪ ದೂರ ಹೋಗಿದ್ದೆವು, ಎಂಜಿನ್ ಬುಸುಗುಟ್ಟಿ, ಬಿಕ್ಕಿ, ನಿಂತುಹೋಯಿತು.

ನಿಜ ಹೇಳಬೇಕೆಂದರೆ ನನಗೆ ಒಳಗೊಳಗೇ ಖುಷಿಯಾಯಿತು. ಆ ಚೀಲಕ್ಕೆ ಇಷ್ಟು ದಿನ ಕೆಲಸವೇ ಸಿಕ್ಕಿರಲಿಲ್ಲ. ಹೊಸ ಪ್ಲಗ್ಗು ಹಾಕಿದೆ. ಶುರುವಾಯಿತು. "ನೋಡಿದ್ಯಾ?" ಅಂದೆ. ಒಂದು ಫರ್ಲಾಂಗು ಹೋಗಿ ಮತ್ತೆ ನಿಂತಿತು. ಇನ್ನೊಂದು ಪ್ಲಗ್ಗು, ಇನ್ನೊಂದು ಫರ್ಲಾಂಗು. ಆಮೇಲೆ ಮರದ ನೆರಳಿಗೆ ತಳ್ಳಿ, ಪೇಪರ್ ಹಾಸಿ, ಚೀಲದಲ್ಲಿದ್ದದ್ದನ್ನೆಲ್ಲ ಹರಡಿಕೊಂಡು ಕೂತೆ. ಕಾಯಿಲೆಗೂ ಕ್ಲಚ್ ಕೇಬಲ್ಲಿಗೂ ಏನೂ ಸಂಬಂಧವಿರಲಿಲ್ಲ. ಇದೆಯಲ್ಲ ಎಂದು ಅದನ್ನೂ ಬದಲಾಯಿಸಿದೆ. ಸೈಕಲ್ಲಿನಲ್ಲಿ ಬಂದ ಹಿರಿಯರೊಬ್ಬರು ಕಾಲೂರಿ ನಿಂತು ಪೇಪರಿನ ಮೇಲಿದ್ದದ್ದನ್ನೆಲ್ಲ ಗಮನವಿಟ್ಟು ನೋಡಿದರು. "ಈ ಪಾನ ಎಂಗ್ ಕೊಟ್ಟೆ ಸ್ವಾಮಿ?" ಎಂದು ಕೇಳಿದರು.

"ಮಾರಕ್ಕಲ್ಲ ತಾತ, ಗಾಡಿ ಕೆಟ್ಟಿದೆ" ಅಂದೆ.

"ಇಷ್ಟೆಲ್ಲ ಮಡಿಕೊಂಡಿದ್ದೂ ಕೆಟ್ಟೋಯ್ತಾ?" ಎಂದು ಅವರು ನಿಜವಾದ ಮರುಕದಿಂದ ತಲೆ ಅಲ್ಲಾಡಿಸಿ ಹೋದರು.

ಗಿರಿಜಾ ಮರದ ಬೇರಿನ ಮೇಲೆ ಕೂತಿದ್ದಳು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. "ನಾನು ಹೋಗೋ ತನ್ಕ ಅಣ್ಣ ಹಾಲು ಉಕ್ಸಲ್ಲ, ಕಾಯ್ತಾನೆ. ಮುಹೂರ್ತ ಕಾಯಲ್ವಲ್ಲ" ಎಂದು ಮೆಲ್ಲಗೆ ಅಂದಳು. ಕಣ್ಣಲ್ಲಿ ನೀರಿತ್ತು. ಗ್ರೀಸು ಮೆತ್ತಿದ ಕೈಯಲ್ಲಿ ಅದನ್ನು ಒರೆಸುವ ಹಾಗೂ ಇರಲಿಲ್ಲ.

ಆಗ ಮೈಸೂರಿನ ಕಡೆಯಿಂದ ಒಂದು ಬೈಕು ಬಂದು ನಿಂತಿತು. ಸುಮಿತ್ರಾ ಮೇಡಂ! ಅವರ ತಾಯಿಮನೆ ಅದೇ ರಸ್ತೆಯಲ್ಲಿತ್ತು. ಇಳಿದವರು ನನ್ನ ಪೇಪರ್ ನೋಡಿದರು, ಗಿರಿಜಾಳನ್ನು ನೋಡಿದರು. ತಣ್ಣಗಿದ್ದಾಗಲೋ ಬಿಸಿಯಾದಾಗಲೋ ಎಂದೇನೂ ಕೇಳಲಿಲ್ಲ.

"ಸ್ವಲ್ಪ ದೂರ ಹೋಗಿ ಹೋಗಿ ನಿಲ್ತಿದ್ಯಾ ಸಾರ್? ಪೆಟ್ರೋಲ್ ಮುಚ್ಚಳ ತೆಗೀರಿ."

ತೆಗೆದೆ. 'ಸುಯ್' ಎಂದು ಟ್ಯಾಂಕು ಉಸಿರೆಳೆದುಕೊಂಡಿತು. ಮುಚ್ಚಳದ ಕೆಳಗೆ ಹಾಲಿನ ಪ್ಯಾಕೆಟ್ಟಿನ ಒಂದು ತುಂಡು ಇತ್ತು. ರಸ್ತೆಯ ಹಂಪುಗಳಲ್ಲಿ ಪೆಟ್ರೋಲು ತುಳುಕದಿರಲಿ ಎಂದು ಹಿಂದಿನ ಸಂಜೆ ಅದನ್ನು ಬಿಗಿಯಾಗಿ ಸಿಕ್ಕಿಸಿದ್ದವನು ನಾನೇ. ಮುಚ್ಚಳದಲ್ಲಿ ಗಾಳಿ ಹೋಗುವುದಕ್ಕೆ ಒಂದು ತೂತಿರುತ್ತದೆ, ಅದು ಮುಚ್ಚಿದರೆ ಪೆಟ್ರೋಲು ಸರಾಗವಾಗಿ ಕೆಳಗಿಳಿಯುವುದಿಲ್ಲ, ಗಾಡಿ ನಿಂತಾಗ ಜಿನುಗಿದಷ್ಟರಲ್ಲಿ ಒಂದು ಫರ್ಲಾಂಗು ಓಡುತ್ತದೆ ಅಷ್ಟೇ ಎಂದು ಮೇಡಂ ಹೇಳಿದರು. ಡಾಕ್ಟರು ತಮ್ಮ ರೋಗಿಯ ಮೂಗು ತಾವೇ ಹಿಡಿದುಕೊಂಡು, ಯಾಕೋ ಉಸಿರಾಡ್ತಿಲ್ಲವಲ್ಲ ಎಂದು ಔಷಧಿ ಹುಡುಕುತ್ತಿದ್ದರು.

ಒಂದೇ ಕಿಕ್ಕಿಗೆ ಗಾಡಿ ಶುರುವಾಯಿತು. ನಾನು ಹೆಮ್ಮೆಯಿಂದ "ಹತ್ತು ಕಣೇ" ಅಂದೆ. ಗಿರಿಜಾ ಮೇಡಂ ಕಡೆ ತಿರುಗಿ, "ನನ್ನನ್ನ ನರಸೀಪುರಕ್ಕೆ ಬಿಡ್ತೀರಾ ಅಕ್ಕ? ಇವರು ಅಂಗಡಿ ಎತ್ಕೊಂಡು ಬರೋ ಹೊತ್ಗೆ ಮಧ್ಯಾಹ್ನ ಆಗುತ್ತೆ" ಅಂದಳು. ರೇಷ್ಮೆ ಸೀರೆಯ ಸೆರಗು ಸುತ್ತಿಕೊಂಡು ಅವರ ಹಿಂದೆ ಕೂತು ಹೊರಟೇಹೋದಳು. ಹಾಲು ಮುಹೂರ್ತಕ್ಕೆ ಸರಿಯಾಗಿ ಉಕ್ಕಿತಂತೆ. ನಾನು ಹೋದದ್ದು ಎರಡನೆಯ ಪಂಕ್ತಿಯ ಊಟಕ್ಕೆ.

ಸೋಮವಾರ ಆಫೀಸಿಗೆ ಕಾಲಿಟ್ಟವನು ಯಾರು ಯಾರು ನಗುತ್ತಿದ್ದಾರೆ ಎಂದು ಒಬ್ಬೊಬ್ಬರ ಮುಖವನ್ನೂ ನೋಡಿದೆ. ಆದರೆ ಮೇಡಂ ಯಾರಿಗೂ ಏನೂ ಹೇಳಿರಲಿಲ್ಲ. ಸಂಜೆ ನಂಜುಂಡಸ್ವಾಮಿ ಎಂದಿನಂತೆ ಗಾಡಿ ತಂದು, "ಡಾಕ್ಟ್ರೇ, ಒಸಿ ಕೇಳಿ, ಏನೋ ಗೊರಗೊರ ಅಂತದೆ" ಅಂದ. ನನ್ನ ತಲೆ ತಾನಾಗಿಯೇ ಒಂದು ಕಡೆಗೆ ವಾಲಿತು. ಅಷ್ಟರಲ್ಲಿ ಸುಮಿತ್ರಾ ಮೇಡಂ ಸ್ಟ್ಯಾಂಡಿಗೆ ಬಂದರು. ನಾನು ತಲೆಯನ್ನು ನೆಟ್ಟಗೆ ಮಾಡಿಕೊಂಡು, ಬದುಕಿನಲ್ಲಿ ಮೊದಲ ಬಾರಿಗೆ ಹೇಳಿದೆ: "ನನಗೆ ಇದೆಲ್ಲ ಏನೂ ಗೊತ್ತಾಗಲ್ಲ ಕಣಯ್ಯ. ಯಾವತ್ತೂ ಗೊತ್ತಿರಲಿಲ್ಲ. ಮೇಡಂನ ಕೇಳು."

ನಂಜುಂಡಸ್ವಾಮಿ ಬೆರಗಿನಿಂದ ನನ್ನನ್ನೇ ನೋಡಿದ. ಆಮೇಲೆ ಪಕ್ಕದವನ ಕಡೆ ತಿರುಗಿ, ನನಗೆ ಕೇಳಿಸುವ ಹಾಗೆಯೇ ಹೇಳಿದ: "ನೋಡ್ದಾ? ದೊಡ್ಡ ಡಾಕ್ಟ್ರುಗಳೆಲ್ಲ ಇಂಗೇ ಕಣೋ. ಕೇಸು ಸೀರಿಯಸ್ಸಾಗಿದ್ರೆ ತಾವು ಮುಟ್ಟಲ್ಲ, ಸ್ಪೆಷಲಿಸ್ಟ್ ಹತ್ರ ಕಳಿಸ್ತಾರೆ."