ಶನಿವಾರದ ಮೀನು

ಐದು ಕೋಟಿ ವರ್ಷ ಹಿಂದೆ ಸತ್ತ ಮೀನನ್ನೂ ಶನಿವಾರ ಮನೆಯೊಳಗೆ ಇಡಬಾರದೆಂದು ಯಾವ ಶಾಸ್ತ್ರದಲ್ಲಿದೆಯೋ ಕಾಂತಪ್ಪನವರಿಗೆ ಗೊತ್ತಿರಲಿಲ್ಲ. ಹೆಂಡತಿ ವಿನೋದಿನಿಯ ಶಾಸ್ತ್ರದಲ್ಲಂತೂ ಇತ್ತು. ವಾರವಿಡೀ ಫ್ರಿಜ್ಜಿನ ಮೇಲೆ ಸುಖವಾಗಿದ್ದ ಕಲ್ಲನ್ನು ಅವರು ಊಟದ ಮೇಜಿಗೆ ಇಳಿಸಿದ್ದೇ ತಡ, ಅಡುಗೆಮನೆಯಿಂದ ಆಕ್ಷೇಪಣೆ ಬಂತು.

"ಇವತ್ತು ಶನಿವಾರ. ಮೀನು ಹೊರಗೆ."

"ಇದು ಮೀನಲ್ಲ ಮಾರಾಯ್ತಿ, ಕಲ್ಲು."

"ಒಳಗೆ ಮುಳ್ಳು ಉಂಟಾ?"

"ಉಂಟು."

"ಬಾಲ?"

"ಬಾಲವೂ ಉಂಟು."

"ಮತ್ತೆ? ಹಳತಾದ ಕೂಡಲೇ ಮೀನು ತೊಂಡೆಕಾಯಿ ಆಗ್ತದಾ?"

ಹೀಗೆ ಕಾಂತಪ್ಪನವರ ವೈಜ್ಞಾನಿಕ ಜೀವನ ಮುಂಬಯಿಯ ಅಂಧೇರಿಯಲ್ಲಿ ತಮ್ಮ ಬಿಲ್ಡಿಂಗಿನ ಮೂರನೇ ಮಹಡಿಯ ಮೆಟ್ಟಿಲ ಮೇಲೆ ಆರಂಭವಾಯಿತು. ಬೇರೆ ದಿನ ಕೂರೋಣವೆಂದರೆ ಹೋಟೆಲಿನ ಗಲ್ಲಾ ಬಿಡುವುದಿಲ್ಲ. ಆಫೀಸುಗಳ ನಡುವಿನ ಹೋಟೆಲಾದ್ದರಿಂದ ಶನಿವಾರ, ಭಾನುವಾರ ಮಾತ್ರ ರಜೆ. ಭಾನುವಾರ ಪವಾಯಿಯಲ್ಲಿ ಕ್ಲಾಸು. ಅಲ್ಲಿ ನಿಶಾ ಮೇಡಂ ಎಂಬ ನಿವೃತ್ತ ಅಧ್ಯಾಪಕಿ, ಕಲ್ಲಿನೊಳಗಿನ ಪಳೆಯುಳಿಕೆಯನ್ನು ಸೂಜಿ, ಬ್ರಷ್ಷು ಹಿಡಿದು ಬಿಡಿಸುವುದನ್ನು ಹೊಸಬರಿಗೆ ಕಲಿಸುತ್ತಿದ್ದರು. ತಿಂಗಳ ಕೊನೆಗೆ ಯಾರ ಮೀನು ಇಡಿಯಾಗಿ ಹೊರಬರುತ್ತದೋ ಅದನ್ನು ಪ್ರದರ್ಶನದ ಗಾಜಿನ ಪೆಟ್ಟಿಗೆಯಲ್ಲಿ, ಬಿಡಿಸಿದವರ ಹೆಸರಿನ ಚೀಟಿಯೊಂದಿಗೆ ಇಡುವುದಾಗಿ ಹೇಳಿದ್ದರು.

ಆ ಚೀಟಿಯ ಮೇಲೆ ಕಾಂತಪ್ಪನವರ ಪ್ರಾಣವಿತ್ತು. ಇಪ್ಪತ್ತೆಂಟು ವರ್ಷ ದುಡಿದ ಹೋಟೆಲಿನ ಬೋರ್ಡಿನಲ್ಲಿ ಧಣಿಯ ಹೆಸರು, ಬಿಲ್ಲಿನಲ್ಲಿ ದೇವರ ಹೆಸರು. ತಮ್ಮ ಹೆಸರು ಎಲ್ಲಿಯೂ ಇಲ್ಲವೆಂಬ ದುಃಖ ಅವರಿಗಿತ್ತು. ಹಾಗಾಗಿ ಚೀಟಿಯನ್ನು ಅವರೇ ಸ್ಕೆಚ್ ಪೆನ್ನಿನಲ್ಲಿ ಬರೆದಿಟ್ಟುಕೊಂಡು, ಮುಂಬಯಿಯ ತಮ್ಮ ಊರವರ ಸಂಘದ ವಾಟ್ಸಾಪ್ ಗ್ರೂಪಿಗೂ ಹಾಕಿಬಿಟ್ಟಿದ್ದರು. (ಕೂಸು ಹುಟ್ಟುವ ಮುಂಚೆ ಕುಲಾವಿ.)

"ಮೀನಿನಿಂದ ಕಲ್ಲು ತೆಗೀರಿ, ಕಲ್ಲಿನಿಂದ ಮೀನನ್ನಲ್ಲ" ಎಂದು ಮೇಡಂ ಹಿಂದಿಯಲ್ಲಿ ಮೂರು ಸಲ ಹೇಳಿದ್ದರು. ಆದರೆ ಕರಾವಳಿಯ ಕೈ ಕೇಳಬೇಕಲ್ಲ. ಜನ್ಮದಲ್ಲಿ ಒಂದು ಬಂಗುಡೆಯನ್ನೂ ಸ್ವಚ್ಛ ಮಾಡದಿದ್ದರೂ, ಮೀನನ್ನು ಬಾಲದಿಂದ ತಲೆಯ ಕಡೆಗೆ ಹೆರೆಯಬೇಕೆಂದು ಅವರು ನೋಡಿ ಬಲ್ಲರು. ಹಾಗೆಯೇ ಹೆರೆದರು. ಮೂರನೆಯ ಶನಿವಾರ ಸಂಜೆಯ ಹೊತ್ತಿಗೆ ಬಾಲ ಮೂರು ಚೂರಾಗಿತ್ತು, ನಾಲ್ಕು ಮುಳ್ಳು ಮೆಟ್ಟಿಲ ಧೂಳಿನಲ್ಲಿ ಬಿದ್ದಿದ್ದವು. ಮರುದಿನವೇ ಒಪ್ಪಿಸಬೇಕು. ಕಾಂತಪ್ಪನವರಿಗೆ ಅಳುವೇ ಬಂತು.

ಭಾನುವಾರ ಬೆಳಿಗ್ಗೆ ಮೆಟ್ಟಿಲು ಗುಡಿಸಲು ಹೋದ ವಿನೋದಿನಿ, ಕಸಬರಿಗೆ ಬಿಟ್ಟು ಕುಕ್ಕರುಗಾಲಿನಲ್ಲಿ ಕೂತಳು.

"ಇದು ಬೆನ್ನಿನ ಮುಳ್ಳು. ಇದು ಹೊಟ್ಟೆಯದ್ದು. ನೀವೆಂತ ಅಡ್ಡ ಹೆರೆದದ್ದು? ಮುಳ್ಳು ಹೋದ ಹಾಗೆ ಕೈ ಹೋಗ್ಬೇಕು. ತನ್ನಿ ಆ ಸೂಜಿ. ಇವತ್ತು ಶನಿವಾರ ಅಲ್ಲ."

ಒಮ್ಮೆ ಗಂಡನ ಗಂಟಲಿಗೆ ಮುಳ್ಳು ಸಿಕ್ಕಿದ ಮೇಲೆ, ಅವರ ತಟ್ಟೆಯ ಮೀನಿನ ಮುಳ್ಳನ್ನೆಲ್ಲ ಅವಳೇ ಬಿಡಿಸಿ ಕೊಡುತ್ತಿದ್ದಳು. ಆ ಅನುಭವವೆಲ್ಲ ಈಗ ಕಲ್ಲಿಗೆ ಬಂತು. ಮಧ್ಯಾಹ್ನದೊಳಗೆ ಚೂರುಗಳೆಲ್ಲ ಮೇಡಂ ಕೊಟ್ಟ ಅಂಟಿನಲ್ಲಿ ತಮ್ಮ ತಮ್ಮ ಜಾಗಕ್ಕೆ ಕೂತವು, ಕಲ್ಲೊಳಗೆ ಅಡಗಿದ್ದ ತಲೆಯೂ ಹೊರಬಂತು.

ಪವಾಯಿಯಲ್ಲಿ ನಿಶಾ ಮೇಡಂ ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು. "ಕಿಸ್ನೆ ಕಿಯಾ?" ಯಾರು ಮಾಡಿದ್ದೆಂದು ಕೇಳಿದರು.

"ಮೈನೆ," ಎಂದರು ಕಾಂತಪ್ಪ.

"ಬಹುತ್ ಅಚ್ಛಾ. ಇನ್ನೊಂದು ಕಲ್ಲುಂಟು, ನನ್ನೆದುರೇ ಮಾಡಿ ತೋರಿಸಿ," ಎಂಬರ್ಥದ ಹಿಂದಿ ಅವರಿಗೆ ಚೆನ್ನಾಗಿ ಅರ್ಥವಾಯಿತು. ಸೂಜಿ ಹಿಡಿದು ಬಾಲದಿಂದ ಶುರುಮಾಡಿದರು. ಎರಡೇ ನಿಮಿಷಕ್ಕೆ ಮೇಡಂ ಕಾಂತಪ್ಪನವರ ಕೈ ಹಿಡಿದು ತಡೆದು, ಮನೆಯಲ್ಲಿ ಬೇರೆ ಯಾರಿದ್ದಾರೆ ಎಂದು ಕೇಳಿದರು.

ಗಾಜಿನ ಪೆಟ್ಟಿಗೆಯಲ್ಲಿ ಈಗ ಮೀನಿದೆ. ಚೀಟಿಯಲ್ಲಿ "ವಿನೋದಿನಿ ಕಾಂತಪ್ಪ" ಎಂದಿದೆ. ಅರ್ಧ ಹೆಸರಾದರೂ ಬಂತಲ್ಲ ಎಂದು ಅವರು ಸಮಾಧಾನಪಟ್ಟುಕೊಂಡರು.

ಮುಂದಿನ ಶನಿವಾರ ಮಧ್ಯಾಹ್ನ ಅವರು ಊಟಕ್ಕೆ ಬಂದಾಗ ಮೇಜಿನ ತುಂಬ ಕಲ್ಲುಗಳಿದ್ದವು. ಮೇಡಂ ಕಳಿಸಿದ ಐದು ಮೀನು. ವಿನೋದಿನಿ ಕನ್ನಡಕ ಮೂಗಿಗೇರಿಸಿ ಸೂಜಿ ಹಿಡಿದಿದ್ದಳು.

"ಇವತ್ತು ಶನಿವಾರ," ಎಂದರು ಕಾಂತಪ್ಪ, ಬಹಳ ದಿನ ಕಾದ ಮಾತನ್ನು ನಿಧಾನವಾಗಿ. "ಮೀನು ಹೊರಗೆ."

ವಿನೋದಿನಿ ತಲೆ ಎತ್ತಲಿಲ್ಲ. "ಮೀನೆಲ್ಲಿ ಉಂಟು? ಇದು ಕಲ್ಲು ಅಂತ ನೀವೇ ಹೇಳಿದ್ದಲ್ವಾ. ಮೇಜು ಅಲ್ಲಾಡಿಸ್ಬೇಡಿ. ತಟ್ಟೆ ತಗೊಂಡು ಹೊರಗೆ ಕೂತ್ಕೊಳ್ಳಿ."

ಮೆಟ್ಟಿಲ ಮೇಲೆ ಕೂತು ಕಾಂತಪ್ಪನವರು ತೊಂಡೆಕಾಯಿ ಪಲ್ಯ ತಿಂದರು.